ಆರನೇ ನಂಬರಿನ ಒರಳು

೬ ಫೆಬ್ರವರಿ ೨೦೦೭, ಮಂಗಳವಾರ

ಇವತ್ತಿನ ಮೀಟಿಂಗಿನಲ್ಲಿ ಆಡಿದ ಮಾತು ಒಂದೂ ನನ್ನ ತಲೆಗೆ ಹೋಗಲಿಲ್ಲ. ಬರೆದುಕೊಂಡರಾದರೂ ತಿಳಿದೀತೇನೋ ಅಂತ ಈ ಡೈರಿ ಹುಡುಕಿ ತೆಗೆದೆ. ಯಾರೋ ಹೊಸ ವರ್ಷಕ್ಕೆ ಕೊಟ್ಟದ್ದು, ಇಷ್ಟು ದಿನ ಟೆಲಿಫೋನಿನ ಕೆಳಗೆ ಬಿದ್ದಿತ್ತು.

ಹೊಸ ಡೈರೆಕ್ಟರ್ ಸಾಹೇಬರು ಬಂದು ಇನ್ನೂ ಎರಡು ತಿಂಗಳಾಗಿಲ್ಲ. ಮಾರ್ಚ್ ಹನ್ನೆರಡು, ಸೋಮವಾರ, ಮ್ಯೂಸಿಯಂ ಮುಚ್ಚಿರುವ ದಿನ, ಹನ್ನೆರಡು ಜನ ಪತ್ರಕರ್ತರನ್ನು ಕರೆದು ಸ್ಟೋರಿನೊಳಗೆ ಸುತ್ತಾಡಿಸಬೇಕಂತೆ. ಗ್ಯಾಲರಿ ಅಲ್ಲ, ಸ್ಟೋರು! "ಗಾಜಿನ ಪೆಟ್ಟಿಗೆಯಲ್ಲಿರೋದನ್ನ ಎಲ್ಲರೂ ನೋಡ್ತಾರೆ, ತೆರೆಮರೆಯಲ್ಲಿ ಏನಿದೆ ಅಂತ ತೋರಿಸೋಣ" ಅಂತ ಹಿಂದಿಯಲ್ಲಿ ಭಾಷಣ ಮಾಡಿದರು. ತೆರೆಮರೆಯಲ್ಲಿ ಏನಿದೆ? ನಾನಿದ್ದೇನೆ. ಇಪ್ಪತ್ತೆಂಟು ವರ್ಷದಿಂದ ಆ ನೆಲಮಾಳಿಗೆಯಲ್ಲಿ ಹಳೇ ಕಾಲದ ಪಾತ್ರೆ ಪಡಗ, ಸೀರೆ, ಆಟಿಕೆ, ಕತ್ತಿ ಗುರಾಣಿ ಕಾಯುತ್ತ ಕೂತಿದ್ದೇನೆ. ಮಂತ್ರಿ ಬಂದರೂ ರಿಜಿಸ್ಟರಿನಲ್ಲಿ ಸಹಿ ಹಾಕಿಸದೆ ಒಳಗೆ ಬಿಟ್ಟವಳಲ್ಲ ನಾನು.

ಅಪ್ಪಣೆಗಳೋ, ಒಂದಕ್ಕೊಂದು ತಾಳವಿಲ್ಲ. ಸ್ಟೋರು ಚೊಕ್ಕಟವಾಗಿರಬೇಕು, ಆದರೆ ಚೊಕ್ಕಟ ಮಾಡಿದ ಹಾಗೆ ಕಾಣಬಾರದು. ಸ್ವಲ್ಪ ಧೂಳು ಇರಲಿ, ಆದರೆ ಯಾರಿಗೂ ಸೀನು ಬರಬಾರದು. ಎಲ್ಲವನ್ನೂ ತೋರಿಸಬೇಕು, ಆದರೆ ಹತ್ತೇ ವಸ್ತು. ಇದನ್ನೆಲ್ಲ ನೋಡಿಕೊಳ್ಳಲು ಓಖ್ಲಾದ ಒಂದು ಪ್ರಚಾರದ ಕಂಪನಿಯಿಂದ ಹರಿಣಿ ಅನ್ನುವ ಹುಡುಗಿ ಬಂದಿದ್ದಾಳೆ. ನಮ್ಮ ಕನ್ನಡದ ಹುಡುಗಿಯಂತೆ. "ಆಂಟಿ, ಟೆನ್ಷನ್ ಮತ್ ಲೀಜಿಯೇ, ನಾನಿದೀನಿ" ಅಂದಳು. ನೀನಿರುವುದೇ ನನ್ನ ಟೆನ್ಷನ್ನು ಕಣಮ್ಮ.

ಹತ್ತು ವಸ್ತುಗಳ ಪಟ್ಟಿಯನ್ನು ಸಾಹೇಬರೇ ತಮ್ಮ ಕೋಣೆಯಲ್ಲಿ ಕೂತು, ರಿಜಿಸ್ಟರ್ ನೋಡಿ ಮಾಡಿದ್ದಾರೆ. ಐದರ ತನಕ ತಲೆಯಾಡಿಸುತ್ತ ಓದಿದೆ. ಆರನೇ ನಂಬರು: ಹಿತ್ತಾಳೆಯ ಶ್ಯಾವಿಗೆ ಒರಳು, ಪಾಳೆಯಗಾರರ ಅಡುಗೆಮನೆಯದು, ಸುಮಾರು ಇನ್ನೂರು ವರ್ಷ ಹಳೆಯದು.

ಕೈಯಲ್ಲಿದ್ದ ಚಹಾ ಸೀರೆಯ ಮೇಲೆ ಚೆಲ್ಲಿಕೊಂಡೆ. ಮುಂದಿನ ನಾಲ್ಕು ಏನು ಅಂತ ಈಗಲೂ ನೆನಪಿಲ್ಲ.

೭ ಫೆಬ್ರವರಿ, ಬುಧವಾರ

ನಿನ್ನೆ ಬರೆಯಲಾಗದ್ದನ್ನು ಇವತ್ತು ಬರೆದುಬಿಡುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ. ನಮ್ಮ ಯಜಮಾನರು ಹೋಗಿ ಆರು ವರ್ಷವಾಯಿತು. ಅತ್ತೆಯ ಕಣ್ಣಿಗೆ ನನ್ನ ಸಣ್ಣ ಅಕ್ಷರ ಕಾಣುವುದಿಲ್ಲ.

ಆ ಒರಳು ಯಾವ ಪಾಳೆಯಗಾರನದೂ ಅಲ್ಲ. ಅದು ನಮ್ಮ ಮನೆಯದು. ನಮ್ಮತ್ತೆ ಇಂದಿರಮ್ಮನವರು ಮದುವೆಯಲ್ಲಿ ತವರಿನಿಂದ, ತಿಪಟೂರಿನಿಂದ, ತಂದದ್ದು.

೧೯೮೬ರಲ್ಲಿ ನನ್ನ ಮೇಲಧಿಕಾರಿ ನಾರಾಯಣಸ್ವಾಮಿಗಳು ರಿಟೈರ್ ಆಗುವವರಿದ್ದರು. ಕೋಲಾರದವರು, ನನಗೆ ಕೆಲಸ ಕಲಿಸಿದವರು. ಹೋಗುವ ಮುಂಚೆ ಸ್ಟೋರಿನ ಒಂದೊಂದು ವಸ್ತುವನ್ನೂ ರಿಜಿಸ್ಟರಿಗೆ ತಾಳೆ ಹಾಕಿ ಚಾರ್ಜು ಒಪ್ಪಿಸಬೇಕು. ಎಲ್ಲ ಸಿಕ್ಕಿತು, ೭೧.೨೧೪ ನಂಬರಿನದು ಒಂದು ಬಿಟ್ಟು. ಅದೇ ಪಾಳೆಯಗಾರರ ಶ್ಯಾವಿಗೆ ಒರಳು. ಹದಿನೈದು ದಿನ ಹುಡುಕಿದೆವು. ಒಂದು ವಸ್ತು ಸಿಗದಿದ್ದರೆ ವಿಚಾರಣೆ, ಪೆನ್ಷನ್ನಿಗೆ ತಡೆ, ಊರ ಬಾಯಲ್ಲಿ ಕಳ್ಳ ಅನ್ನಿಸಿಕೊಳ್ಳುವುದು. ಆ ಹಿರಿಯರು ಸ್ಟೋರಿನ ಏಣಿಯ ಮೇಲೆ ಕೂತು, ಕನ್ನಡಕ ಕೈಯಲ್ಲಿ ಹಿಡಿದುಕೊಂಡು ಅತ್ತರು. ನನಗೆ ನೋಡಲಾಗಲಿಲ್ಲ.

ಯಾವ ದೆವ್ವ ಹೊಕ್ಕಿತ್ತೋ ಏನೋ. ಮಾರನೇ ದಿನ ನಮ್ಮನೆ ಒರಳನ್ನು ಹಳೇ ಸೀರೆಯಲ್ಲಿ ಸುತ್ತಿ, ತರಕಾರಿ ಚೀಲದೊಳಗಿಟ್ಟು, ಡಿಟಿಸಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ನಮ್ಮ ಗೇಟಿನಲ್ಲಿ ಹೊರಗೆ ಹೋಗುವವರ ಚೀಲ ತಡಕುತ್ತಾರೆ. ಒಳಗೆ ಬರುವವರ ಚೀಲ ಯಾರಿಗೆ ಬೇಕು? ಒಂದು ಕಾಲಿನ ಮೇಲೆ ಪಾತ್ರೆ ಅಂಗಡಿಯವನು ಕೊರೆದ ಹೆಸರಿತ್ತು, 'ಇಂದಿರಾ'. ಅದರ ಮೇಲೆ ಬಿಳಿ ಬಣ್ಣ ಬಳಿದು, ಒಣಗಿಸಿ, ಕಪ್ಪಿನಲ್ಲಿ ೭೧.೨೧೪ ಅಂತ ಬರೆದೆ. ನನ್ನ ಕೈಯಾರೆ, ದುಂಡಗೆ. ನಾರಾಯಣಸ್ವಾಮಿಗಳು ಮರ್ಯಾದೆಯಿಂದ ಹಾರ ಹಾಕಿಸಿಕೊಂಡು ಊರಿಗೆ ಹೋದರು. ಈಗ ಅವರೂ ಇಲ್ಲ.

ತಿಂಗಳೊಪ್ಪತ್ತಿನಲ್ಲಿ ಹೇಗಾದರೂ ವಾಪಸು ತಂದುಬಿಡುವ ಯೋಚನೆ ನನ್ನದು. ಪೆದ್ದಿ! ನಂಬರು ಬಿದ್ದ ಮೇಲೆ ಅದು ಸರಕಾರದ್ದು. ಗೇಟ್ ಪಾಸಿಲ್ಲದೆ ಸೂಜಿಯೂ ಹೊರಗೆ ಹೋಗುವುದಿಲ್ಲ. ಇಪ್ಪತ್ತೊಂದು ವರ್ಷವಾಯಿತು.

ಈಗ ಫೋಟೋ ತೆಗೆಯುತ್ತಾರೆ. ಪೇಪರಿನಲ್ಲಿ ಬರುತ್ತದೆ. ಅತ್ತೆಗೆ ಹಿಂದಿ ಓದಲು ಬರದು, ಆದರೆ ದಿನಾ ಬೆಳಗ್ಗೆ ಭೂತಗನ್ನಡಿ ಹಿಡಿದು ಪೇಪರಿನ ಒಂದು ಚಿತ್ರ ಬಿಡದೆ ನೋಡುತ್ತಾರೆ. ಆಫೀಸಿಗೆ ತಿಳಿದರೆ ನನ್ನ ರಿಟೈರ್ಮೆಂಟು ಹಾಳಾಗುತ್ತದೆ, ಇನ್ನು ಮೂರೇ ವರ್ಷ. ಯಾವುದಕ್ಕೆ ಹೆದರಬೇಕು ಅನ್ನುವುದೇ ತಿಳಿಯುತ್ತಿಲ್ಲ.

೧೧ ಫೆಬ್ರವರಿ, ಭಾನುವಾರ

ಜಲಜಾ ಫೋನ್ ಮಾಡಿದ್ದಳು. ಅತ್ತೆಯ ಮಗಳು, ನನ್ನ ನಾದಿನಿ. ಗುಡಗಾಂವಿನಲ್ಲಿ ಮನೆ, ಗಂಡ ಮಾನೇಸರಿನ ಕಾರಿನ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಮ್ಯಾನೇಜರು. ತಿಂಗಳಿಗೊಮ್ಮೆ ಫೋನು, ಎರಡೇ ಮಾತು. "ಅತ್ತಿಗೆ, ಅಮ್ಮ ಹೇಗಿದಾಳೆ? ಬಿಪಿ ಸರಿ ಇದೆಯಾ?" ಅಮ್ಮನಿಗೆ ಕೊಡಲಾ ಅಂದರೆ, "ಬೇಡ ಬಿಡಿ, ಅವಳಿಗ್ಯಾಕೆ ತೊಂದರೆ."

ಇದನ್ನೂ ಬರೆಯಬೇಕು, ಇಲ್ಲದಿದ್ದರೆ ಅರ್ಧ ಸತ್ಯ ಬರೆದ ಹಾಗೆ. ಒರಳು ಹೋದದ್ದು ನಾವು ನೇತಾಜಿ ನಗರದ ಕ್ವಾರ್ಟರ್ಸಿನಿಂದ ಈ ಲೋಧಿ ಕಾಲೋನಿಗೆ ಮನೆ ಬದಲಿಸುವ ಹೊತ್ತಿನಲ್ಲಿ. ಸಾಮಾನು ಕಟ್ಟಲು ಜಲಜಾ ಬಂದಿದ್ದಳು. ಅವಳ ಮದುವೆಯಲ್ಲಿ ಆ ಒರಳನ್ನೇ ಕೇಳಿದ್ದಳು, ಅತ್ತೆ ಕೊಟ್ಟಿರಲಿಲ್ಲ. ಹೊಸ ಮನೆಯಲ್ಲಿ ಒರಳು ಸಿಗದಿದ್ದಾಗ ಅತ್ತೆ ಒಂದೇ ಸಲಕ್ಕೆ ಹೇಳಿಬಿಟ್ಟರು, "ಕೊಡಲಿಲ್ಲ ಅಂತ ಹೊತ್ಕೊಂಡು ಹೋದಳು." ಮಗಳ ಎದುರಿಗೇ. ಜಲಜಾ ದೇವರ ಫೋಟೋ ಮುಟ್ಟಿ ಆಣೆ ಮಾಡಿದಳು. ಅತ್ತೆ ಮುಖ ತಿರುಗಿಸಿಕೊಂಡರು. ನಾನು ಅಲ್ಲೇ ನಿಂತಿದ್ದೆ, ಕೈಯಲ್ಲಿ ಪೊರಕೆ ಹಿಡಿದುಕೊಂಡು.

ಅವತ್ತಿನಿಂದ ಅವಳು ಈ ಮನೆಯಲ್ಲಿ ಒಂದು ತುತ್ತು ಉಂಡಿಲ್ಲ. ಅವಳಣ್ಣ ಹೋದಾಗ ಹದಿಮೂರು ದಿನವೂ ಬಂದಳು, ವರಾಂಡದಲ್ಲೇ ಕೂತಳು, ಬಾಟಲಿಯಲ್ಲಿ ನೀರು ತಂದುಕೊಂಡಿದ್ದಳು.

ಹೇಳಬಹುದಿತ್ತು. ಆಗ ಹೇಳಿದ್ದರೆ ನಾರಾಯಣಸ್ವಾಮಿಗಳ ಗತಿ? ಆಮೇಲೆ ಹೇಳಿದ್ದರೆ ನನ್ನ ಗತಿ? ಹೀಗೇ ಯೋಚಿಸುತ್ತ ದಿನ ಹೋಯಿತು. ಸದ್ಯಕ್ಕೆ ಮೊದಲು ಪಟ್ಟಿಯಿಂದ ಆ ಆರನೇ ನಂಬರು ತೆಗೆಸಬೇಕು.

೧೪ ಫೆಬ್ರವರಿ, ಬುಧವಾರ

ಸಾಹೇಬರಿಗೆ ಹೇಳಿದೆ, ಒರಳಿನ ಒಂದು ಕಾಲು ಸಡಿಲವಾಗಿದೆ, ತೋರಿಸುವುದು ಬೇಡ ಅಂತ. "ಸಡಿಲವಾಗಿದ್ರೆ ಇನ್ನೂ ಒಳ್ಳೇದು, ಲ್ಯಾಬಿನಲ್ಲಿ ರಿಪೇರಿ ಮಾಡೋದನ್ನೇ ತೋರಿಸಬಹುದು" ಅಂದರು. ಈಗ ಸಡಿಲವಾಗದ ಕಾಲನ್ನು ರಿಪೇರಿ ಮಾಡಲು ಲ್ಯಾಬಿನ ಚಂದ್ರಮೋಹನ ಜೀ ತಯಾರಾಗಿದ್ದಾರೆ. ಏನು ಕರ್ಮ!

ದಾರಿಯ ನಕ್ಷೆ ನಾಲ್ಕನೇ ಸಲ ಬದಲಾಯಿತು. ಪತ್ರಕರ್ತರು ಹಿಂಬಾಗಿಲಿನಿಂದ ಬರಬೇಕಂತೆ, ತೆರೆಮರೆ ಅನ್ನಿಸಲು. ಹಿಂಬಾಗಿಲಿನ ಎದುರಿಗೇ ಟಾಯ್ಲೆಟ್ಟಿದೆ ಅಂತ ನಾನಂದೆ. ಹಾಗಾದರೆ ಮುಂಬಾಗಿಲಿನಿಂದ ಬಂದು ಹಿಂಬಾಗಿಲಿಗೆ ಹೋಗಿ ಮತ್ತೆ ಒಳಗೆ ಬರಲಿ ಅಂದರು. ಬರೆದುಕೊಂಡೆ.

೧೮ ಫೆಬ್ರವರಿ, ಭಾನುವಾರ

ಅಯ್ಯೋ ಶಿವನೇ.

ಹರಿಣಿಗೆ ಒಂದು ಐಡಿಯಾ ಬಂದಿದೆ. ಆರನೇ ನಂಬರಿನ ಪಕ್ಕದಲ್ಲೇ ಒಬ್ಬ ಅಜ್ಜಿ ಕೂತು ಶ್ಯಾವಿಗೆ ಒತ್ತಿ ತೋರಿಸಬೇಕು. ಮ್ಯೂಸಿಯಮ್ಮಿನ ವಸ್ತುವಿಗೆ ಹಿಟ್ಟು ಮುಟ್ಟಿಸುವ ಹಾಗಿಲ್ಲ ಅಂತ ಚಂದ್ರಮೋಹನ ಜೀ ಹಟ ಹಿಡಿದರು. ಅದಕ್ಕೆ ಬೇರೆ ಒರಳು ಎಲ್ಲಿಂದಲಾದರೂ ತರುವುದು, ಅಜ್ಜಿ ಮಾತ್ರ ಅಸಲಿ. "ಆಂಟಿ, ನಿಮ್ಮನೇಲಿ ಅಜ್ಜಿ ಇದಾರಲ್ಲಾ!" ಅಂದಳು. ನಾನು ಅವರಿಗೆ ಎಂಬತ್ತನಾಲ್ಕು, ಮೊಣಕಾಲು ನೋವು, ಕಿವಿ ಮಂದ ಅಂತ ಏನೇನೋ ಹೇಳಿದೆ. ಇವತ್ತು ಬೆಳಗ್ಗೆ ಹೇಳದೆ ಕೇಳದೆ ಮನೆಗೇ ಬಂದುಬಿಟ್ಟಳು.

"ಯಾರ ಮನೆ ಹುಡುಗಿ ನೀನು?" ಅಂತ ಅತ್ತೆ ಕೇಳಿದರು.

"ಹಾಸನ, ಅಜ್ಜಿ. ಮತ್‌ಲಬ್, ಅಪ್ಪ ಹಾಸನ. ನಾನು ಆರ್.ಕೆ. ಪುರಂ."

ಅತ್ತೆ ಅಷ್ಟು ನಕ್ಕದ್ದನ್ನು ನಾನು ವರ್ಷಗಳಿಂದ ನೋಡಿರಲಿಲ್ಲ. ಒಪ್ಪಿಕೊಂಡೇಬಿಟ್ಟರು. ಅಕ್ಕಿ ಹಿಟ್ಟು ಹೇಗೆ ಕಲಸಬೇಕು, ಕಡುಬನ್ನು ಎಷ್ಟು ಬೇಯಿಸಬೇಕು, ಬಿಸಿಯಲ್ಲೇ ಹೇಗೆ ಒತ್ತಬೇಕು, ಕಾಯಿಹಾಲಿಗೆ ಏಲಕ್ಕಿ ಯಾವಾಗ, ಎಲ್ಲ ಹೇಳಿದರು. ಆಮೇಲೆ, "ನಮ್ಮ ಒರಳೇ ಇದ್ದಿದ್ದರೆ ಅದನ್ನೇ ತರ್ತಿದ್ದೆ ಕಣಮ್ಮ. ನನ್ನ ಮಗಳೇ ಹೊತ್ಕೊಂಡು ಹೋದಳು. ಹೊರಗಿನವರು ಕದ್ದಿದ್ದರೆ ಪೋಲೀಸಿಗಾದರೂ ಹೇಳಬಹುದಿತ್ತು" ಅಂದರು.

ಇವತ್ತು ಪರಿಚಯವಾದ ಹುಡುಗಿಯ ಮುಂದೆ! ಹರಿಣಿ ಪಾಪ, ನನ್ನ ಕಡೆ ನೋಡಿದಳು. ನಾನು ಒಳಗೆ ಹೋಗಿ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ, ಮೊದಲೇ ಹಾಕಿಯಾಗಿತ್ತು. ಆ ಕಾಫಿಯನ್ನು ಅವಳು ಒಂದು ತೊಟ್ಟು ಬಿಡದೆ ಕುಡಿದಳು.

ಇನ್ನು ಫೋಟೋ ಮಾತೇ ಬೇಡ. ಅತ್ತೆ ಅದರ ಪಕ್ಕದಲ್ಲೇ ಕೂರುತ್ತಾರೆ. ಕಣ್ಣು ಮಂಜಾದರೇನು, ಕೈ ಇಟ್ಟರೆ ಸಾಕು.

೨೧ ಫೆಬ್ರವರಿ, ಬುಧವಾರ

ತಲೆ ಓಡುತ್ತಿಲ್ಲ. ಅತ್ತೆ ದಿನಾ ಸೀರೆ ಯಾವುದು ಉಡಲಿ ಅಂತ ಕೇಳುತ್ತಾರೆ.

೨೭ ಫೆಬ್ರವರಿ, ಮಂಗಳವಾರ

ಇವತ್ತು ನಡೆದದ್ದನ್ನು ನಂಬಬೇಕೋ ಬಿಡಬೇಕೋ ನನಗೇ ಗೊತ್ತಿಲ್ಲ.

ಚೊಕ್ಕಟ ಕೆಲಸಕ್ಕೆಂದು ಆಯುಧಗಳ ವಿಭಾಗದ ಪೆಟ್ಟಿಗೆಗಳನ್ನು ಬಿಚ್ಚುತ್ತಿದ್ದೆವು. ಚಂದ್ರಮೋಹನ ಜೀ ಒಂದು ಮರದ ಪೆಟ್ಟಿಗೆಯಿಂದ ಹುಲ್ಲು ಕಿತ್ತುಹಾಕಿ ಏನೋ ಮೇಲೆತ್ತಿದರು. ಕಟ್ಟಿದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ, 'ಸಣ್ಣ ಫಿರಂಗಿಯ ಮಾದರಿ, ಮೂರು ಕಾಲಿನ ಸ್ಟ್ಯಾಂಡಿನೊಂದಿಗೆ, ನಂಬರಿಲ್ಲ.' ಅವರು ಲಖನೌದವರು. ತಿರುಗಿಸಿ ತಿರುಗಿಸಿ ನೋಡಿ, "ಮ್ಯಾಡಂ, ಗುಂಡು ಯಾವ ಕಡೆಯಿಂದ ಹಾಕ್ತಿದ್ದರು? ಕೆಳಗೆಲ್ಲ ತೂತಿದೆ" ಅಂತ ಕೇಳಿದರು.

ಮೂರು ಕಾಲು, ಮೇಲೆ ತಿರುಪಿನ ಹಿಡಿ, ನಡುವೆ ಕೊಳವೆ, ತಳದಲ್ಲಿ ಜರಡಿಯಂಥ ಬಿಲ್ಲೆ. ಫಿರಂಗಿಯಂತೆ! ಯಾವನೋ ಪುಣ್ಯಾತ್ಮ, ಹುಟ್ಟಿದಾಗಿನಿಂದ ರೊಟ್ಟಿ ಬಿಟ್ಟು ಬೇರೆ ತಿನ್ನದವನು, ಎಪ್ಪತ್ತರ ದಶಕದಲ್ಲಿ ಶ್ಯಾವಿಗೆ ಒರಳನ್ನು ತೋಪು ಅಂದುಕೊಂಡು ಕತ್ತಿ ಗುರಾಣಿಗಳ ಜೊತೆ ಮಲಗಿಸಿದ್ದಾನೆ. ಕಾಲಿನ ಒಳಮೈಯಲ್ಲಿ ಅಳಿದುಹೋದ ಕೆಂಪು ಅಂಕಿಗಳು ಇದ್ದವು. ಟಾರ್ಚು ಹಿಡಿದು ಓದಿದೆ. ೭೧.೨೧೪.

ಕಳುವಾಗಿರಲೇ ಇಲ್ಲ. ಏಣಿಯಿಂದ ಮೂವತ್ತು ಹೆಜ್ಜೆ ಆಚೆಗಿತ್ತು. ನಾವು ಅಡುಗೆ ಪಾತ್ರೆಗಳ ಕಪಾಟುಗಳನ್ನೆಲ್ಲ ಜಾಲಾಡಿದೆವು, ಆಯುಧಗಳ ಕಡೆ ತಿರುಗಿಯೂ ನೋಡಲಿಲ್ಲ. ಯಾರು ತಾನೇ ನೋಡುತ್ತಾರೆ? ನಾರಾಯಣಸ್ವಾಮಿಗಳು ಅತ್ತದ್ದು ಸುಮ್ಮನೆ, ನಾನು ಬಸ್ಸಿನಲ್ಲಿ ಹೊತ್ತು ತಂದದ್ದು ಸುಮ್ಮನೆ, ಜಲಜಾ...

ಚಂದ್ರಮೋಹನ ಜೀಗೆ, "ಇಲ್ಲಿಡಿ, ನಾನು ನೋಡ್ತೇನೆ" ಅಂದೆ. ಅವರು ಚಹಾಕ್ಕೆ ಹೋದರು. ನಾನು ನೆಲದ ಮೇಲೆ ಕೂತುಬಿಟ್ಟೆ. ನಗು ಬರುತ್ತಿತ್ತೋ ಅಳುವೋ ಹೇಳಲಾರೆ.

೨೮ ಫೆಬ್ರವರಿ, ಬುಧವಾರ

ಎಲ್ಲ ಸರಿಹೋಯಿತು. ಬೆಳಗ್ಗೆ ಬೇಗ ಹೋಗಿ ಆರನೇ ನಂಬರಿನ ಜಾಗದಲ್ಲಿ ಅಸಲಿ ಒರಳನ್ನಿಟ್ಟೆ. ನಮ್ಮದರ ಮೇಲಿನ ಬಣ್ಣವನ್ನು ಥಿನ್ನರ್ ಹಚ್ಚಿ ಒರೆಸಿದೆ. ಅದನ್ನು ಫಿರಂಗಿಯ ಪೆಟ್ಟಿಗೆಯಲ್ಲಿ, ಅದೇ ಹುಲ್ಲಿನಲ್ಲಿ, ಅದೇ ಚೀಟಿ ಕಟ್ಟಿ ಮುಚ್ಚಿದೆ. ಅಸಲಿ ಬೇರೆ ಮಾದರಿಯದು, ಕುಳ್ಳಗಿದೆ. ಅತ್ತೆ ಮುಟ್ಟಿದರೂ ಪರವಾಗಿಲ್ಲ, ಫೋಟೋ ಬಂದರೂ ಪರವಾಗಿಲ್ಲ. ರಿಜಿಸ್ಟರಿಗೂ ತಾಳೆಯಾಯಿತು. ಇನ್ನು ಸಾಯುವ ತನಕ ಯಾರಿಗೂ ಏನೂ ತಿಳಿಯುವುದಿಲ್ಲ.

ಬಣ್ಣ ಹೋದ ಮೇಲೆ 'ಇಂದಿರಾ' ನಿನ್ನೆ ಕೊರೆದ ಹಾಗಿತ್ತು.

ಊಟ ಸೇರಲಿಲ್ಲ. ಸುಸ್ತಿಗೆ ಇರಬೇಕು.

೧ ಮಾರ್ಚ್, ಗುರುವಾರ

ಹರಿಣಿ, "ಆಂಟಿ, ಈಗೆಲ್ಲ ಸೆಟ್ ಆಯ್ತಲ್ಲ, ಮತ್ತೆ ಯಾಕೆ ಹೀಗಿದೀರ?" ಅಂದಳು. ಹೇಗಿದ್ದೇನೆ? ಗೊತ್ತಿಲ್ಲ. ಅವಳ ಮೇಲೆ ಸುಮ್ಮಸುಮ್ಮನೆ ರೇಗಿದೆ. ಆಮೇಲೆ ಅವಳಿಗೆ ಚಕ್ಕುಲಿ ಕೊಟ್ಟೆ.

ಒತ್ತಿ ತೋರಿಸಲು ಒರಳು ಇನ್ನೂ ಸಿಕ್ಕಿಲ್ಲ. ಐಎನ್‌ಎ ಮಾರ್ಕೆಟ್ಟು, ಕರೋಲ್ ಬಾಗು ಎಲ್ಲ ಸುತ್ತಿದ್ದಾಳಂತೆ. ಅಂಗಡಿಯ ಭಯ್ಯಾಗಳೆಲ್ಲ ಅಂಗೈ ಅಗಲದ ಖಾರಾಸೇವಿನ ಅಚ್ಚು ತೋರಿಸುತ್ತಾರಂತೆ. ಗುಡಗಾಂವಿನ ಕನ್ನಡದವರೆಲ್ಲ ಜಲಜಾಗೆ ಗೊತ್ತು. ಅವಳನ್ನು ಕೇಳಿದರೆ ಯಾರ ಮನೆಯಲ್ಲಾದರೂ ಇದ್ದೀತು. ಫೋನಿನಲ್ಲೇ ಕೇಳಬಹುದು. ಆದರೂ ಶನಿವಾರ ಹೋಗಿಯೇ ಬರುತ್ತೇನೆ.

೩ ಮಾರ್ಚ್, ಶನಿವಾರ

ಹೋಗಿ ಬಂದೆ.  ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಜಲಜಾ ಬಾಗಿಲು ತೆಗೆದು ಮೊದಲು ಕೇಳಿದ್ದು, "ಅಮ್ಮನಿಗೆ ಏನಾಯ್ತು?" ಏನೂ ಇಲ್ಲ ಅಂದ ಮೇಲೆ ಕೂರಿಸಿದಳು. ಕೂದಲೆಲ್ಲ ನೆರೆತಿದೆ. ನಾನು ಮ್ಯೂಸಿಯಮ್ಮಿನ ವಿಷಯ, ಪತ್ರಕರ್ತರ ವಿಷಯ, ಅತ್ತೆ ಶ್ಯಾವಿಗೆ ಒತ್ತುವ ವಿಷಯ ಹೇಳಿ, ಯಾರ ಮನೆಯಲ್ಲಾದರೂ ಒರಳಿದೆಯಾ ಅಂತ ಕೇಳಿದೆ.

 ಅವಳು ಕುರ್ಚಿ ಹಾಕಿಕೊಂಡು ಅಟ್ಟದ ಮೇಲಿಂದ ಒಂದು ಗಂಟು ಇಳಿಸಿದಳು. ಬೆಡ್‌ಶೀಟು, ಅದರೊಳಗೆ ಪ್ಲಾಸ್ಟಿಕ್ಕು, ಅದರೊಳಗೆ ಹಿತ್ತಾಳೆ ಒರಳು. ಹೊಸದು. ಒಮ್ಮೆಯೂ ಹಿಟ್ಟು ಕಂಡಿಲ್ಲ.

"ತೊಂಬತ್ತೆರಡರಲ್ಲಿ ಬೆಂಗಳೂರಿಗೆ ಹೋದಾಗ ಚಿಕ್ಕಪೇಟೆಯಲ್ಲಿ ತಗೊಂಡೆ ಅತ್ತಿಗೆ. ಥೇಟ್ ಅಮ್ಮನ ಒರಳಿನ ಹಾಗೇ ಇತ್ತು. ಕೊಟ್ಟುಬಿಡೋಣ, ರಾಜಿಯಾಗೋಣ ಅಂತ. ಟ್ರೇನಿನಲ್ಲಿ ಬರ್ತಾ ಹೊಳೀತು, ಇದನ್ನ ಕೊಟ್ಟರೆ ಏನಂತಾಳೆ? 'ನೋಡು, ಕದ್ದದ್ದನ್ನ ತಂದು ಕೊಟ್ಟಳು' ಅಂತಾಳೆ. ಹದಿನೈದು ವರ್ಷದಿಂದ ಮೇಲೇ ಇದೆ. ಕೊಡೋ ಹಾಗೂ ಇಲ್ಲ, ನಾನು ಬಳಸೋ ಹಾಗೂ ಇಲ್ಲ. ನನ್ನ ಮನೇಲಿ ಇದು ಯಾರ ಕಣ್ಣಿಗಾದರೂ ಬಿದ್ದರೆ ಮುಗೀತಲ್ಲ! ಈಗಲೂ ತರಲ್ಲ. ನೀವು ಬೇರೆ ನೋಡ್ಕೊಳ್ಳಿ."

ಮತ್ತೆ ಪ್ಲಾಸ್ಟಿಕ್ಕು ಸುತ್ತತೊಡಗಿದಳು. ಮಗುವಿಗೆ ಸುತ್ತುವ ಹಾಗೆ ಜೋಪಾನವಾಗಿ ಸುತ್ತುತ್ತಿದ್ದಳು. ನನಗೆ ಏನಾಯಿತೋ, "ಜಲಜಾ, ಅದನ್ನ ತಗೊಂಡು ಹೋದವಳು ನಾನು" ಅಂದುಬಿಟ್ಟೆ.

ಎಲ್ಲ ಹೇಳಿದೆ. ಏಣಿ, ಬಸ್ಸು, ಬಿಳಿ ಬಣ್ಣ, ಫಿರಂಗಿ, ಪೊರಕೆ ಹಿಡಿದು ಸುಮ್ಮನೆ ನಿಂತದ್ದು. ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ, ಕೂಗಾಡಿದ್ದರೆ ಚೆನ್ನಾಗಿತ್ತು. ಸುತ್ತುವುದನ್ನು ನಿಲ್ಲಿಸಿ, "ಅಣ್ಣನಿಗೆ ಗೊತ್ತಿತ್ತಾ?" ಅಂತ ಮಾತ್ರ ಕೇಳಿದಳು. ಇಲ್ಲ ಅಂದೆ. "ಅಷ್ಟಾದರೂ ಆಯ್ತು" ಅಂದಳು.

ಎದ್ದು ಬಾಗಿಲು ತೆಗೆದು ನಿಂತಳು. "ಇಪ್ಪತ್ತೊಂದು ವರ್ಷ ಅತ್ತಿಗೆ. ನನ್ನ ಮಕ್ಕಳು ಅಜ್ಜಿ ಮನೆ ಅಂದರೆ ಏನು ಅಂತ ತಿಳೀದೆ ಬೆಳೆದರು. ನನಗೆ ಹೇಳಿ ಏನಾಗಬೇಕು? ನಾನು ಕದ್ದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಹೋಗಿ ಅವಳಿಗೆ ಹೇಳಿ."

ಬಸ್ಸು ಸಿಗಲಿಲ್ಲ. ಬಹಳ ದೂರ ನಡೆದೆ.

೪ ಮಾರ್ಚ್, ಭಾನುವಾರ, ಹೋಳಿ

ಬೆಳಗ್ಗೆಯೆಲ್ಲ ಕೆಳಗಿನ ಮನೆ ಮಕ್ಕಳು ಬಣ್ಣ ಎರಚುತ್ತ ಗಲಾಟೆ ಮಾಡುತ್ತಿದ್ದರು. ಅತ್ತೆ ಬಾಲ್ಕನಿಯಲ್ಲಿ ಕೂತು ನೋಡುತ್ತಿದ್ದರು. ಕಿಟಕಿ ಮುಚ್ಚಿ, ಅವರ ಎದುರಿಗೆ ಮಣೆ ಹಾಕಿ ಕೂತು, ಕಿವಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. ಇಂಥ ಮಾತನ್ನು ಗಟ್ಟಿಯಾಗಿ ಹೇಳುವುದು ಎಷ್ಟು ಕಷ್ಟ. ಎರಡನೇ ಸಲ ಹೇಳಬೇಕಾಯಿತು, ಮೊದಲ ಸಲ ಅವರಿಗೆ ಅರ್ಥವಾಗಲಿಲ್ಲ.

ಬಯ್ಯಲಿಲ್ಲ. ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿದರು. ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಮಧ್ಯಾಹ್ನ ಬಡಿಸಿದರೆ ಉಂಡರು. ನನ್ನ ಮುಖ ನೋಡಲಿಲ್ಲ.

೫ ಮಾರ್ಚ್, ಸೋಮವಾರ

ಮ್ಯೂಸಿಯಂ ಮುಚ್ಚಿದ್ದರೂ ಆಫೀಸಿರುತ್ತದೆ, ನಾನು ರಜೆ ಹಾಕಿದ್ದೆ. ಅತ್ತೆ ಫೋನಿನ ಮುಂದೆ ಕೂತು ಜಲಜಾಳ ನಂಬರಿದ್ದ ಪುಸ್ತಕ ತೆರೆದು ನನ್ನ ಕಡೆ ತಳ್ಳಿದರು.  ನಾನು ನಂಬರು ಒತ್ತಿ ಕೊಟ್ಟು ಅಡುಗೆಮನೆಗೆ ಹೋದೆ.

"ಜಲಜಾ, ನಾನು ಕಣೆ, ಅಮ್ಮ" ಅಂದರು. ಆಮೇಲೆ ಎಷ್ಟೋ ಹೊತ್ತು ಸದ್ದಿಲ್ಲ. ಲೈನು ಕಟ್ಟಾಯಿತೋ ಅಂತ ಬಗ್ಗಿ ನೋಡಿದೆ. ರಿಸೀವರ್ ಹಿಡಿದುಕೊಂಡೇ ಇದ್ದರು, ಗಲ್ಲವೆಲ್ಲ ಒದ್ದೆ. ಕಡೆಗೆ, "ತಿಂಡಿ ಆಯ್ತಾ?" ಅಂತ ಕೇಳಿದರು.

೬ ಮಾರ್ಚ್, ಮಂಗಳವಾರ

ನಡೆದದ್ದನ್ನೆಲ್ಲ ಎರಡು ಹಾಳೆಯಲ್ಲಿ ಬರೆದು ಸಾಹೇಬರಿಗೆ ಕೊಟ್ಟೆ. ಯಾಕೆ ಕೊಟ್ಟೆ ಅಂತ ಅವರಿಗೂ ತಿಳಿಯಲಿಲ್ಲ, ನನಗೂ ವಿವರಿಸಲು ಬರಲಿಲ್ಲ. "ಮ್ಯಾಡಂ, ವಸ್ತು ಕಳೆದಿದ್ದರೆ ನಿಯಮ ಇದೆ. ಹೆಚ್ಚಾಗಿದ್ದರೆ ಏನು ಮಾಡಬೇಕು ಅಂತ ನನಗೇ ಗೊತ್ತಿಲ್ಲ. ಹನ್ನೆರಡನೇ ತಾರೀಕು ಆಗಲಿ, ಇದನ್ನ ವಾಪಸ್ ತಗೊಳ್ಳಿ" ಅಂದರು. ಬಯ್ಯಲೂ ಇಲ್ಲ ಪಾಪ, ಬೆವರುತ್ತಿದ್ದರು.

ವಾಪಸು ತೆಗೆದುಕೊಳ್ಳುವುದಿಲ್ಲ ಅಂದೆ. ಆ ಪೆಟ್ಟಿಗೆಯ ಚೀಟಿ ಸುಳ್ಳು, ಅದನ್ನು ಹಾಗೇ ಇಟ್ಟುಕೊಂಡು ಸ್ಟೋರು ತೋರಿಸಲು ನನ್ನಿಂದಾಗದು ಅಂತ. ಅಷ್ಟು ಧೈರ್ಯದ ಹೆಂಗಸು ನಾನಲ್ಲ. ಬಾಯಿಗೆ ಬಂತು, ಆಡಿಬಿಟ್ಟೆ.

೯ ಮಾರ್ಚ್, ಶುಕ್ರವಾರ

ಮೆಮೋ ಬಂತು. ಏಳು ದಿನದಲ್ಲಿ ಉತ್ತರ ಕೊಡಬೇಕು, ವಿಚಾರಣೆ ಮುಗಿಯುವ ತನಕ ಸ್ಟೋರಿಗೆ ಹೋಗುವ ಹಾಗಿಲ್ಲ. ಬೀಗದ ಕೈ ಗೊಂಚಲನ್ನು ಚಂದ್ರಮೋಹನ ಜೀಗೆ ಕೊಟ್ಟೆ. ನಮ್ಮ ಒರಳು ಮೊಹರು ಮಾಡಿದ ಬಟ್ಟೆಯೊಳಗೆ ಸಾಹೇಬರ ಕಪಾಟಿನಲ್ಲಿದೆ, ಸಾಕ್ಷಿಗೆ. ನಮಗೆ ಸಿಗುತ್ತದೋ ಇಲ್ಲವೋ ಯಾರೂ ಹೇಳಲೊಲ್ಲರು.

ಹರಿಣಿ ಸಪ್ಪೆ ಮುಖ ಮಾಡಿಕೊಂಡು ಬಂದಳು. "ಅಜ್ಜಿ ಬರ್ತಾರಾ ಆಂಟಿ?" ಅಂದಳು. ಅತ್ತೆ ನನ್ನ ಜೊತೆ ಮಾತಾಡಿ ಐದು ದಿನವಾಯಿತು. "ಅವರನ್ನೇ ಕೇಳು" ಅಂದೆ. ಫೋನು ಮಾಡಿ ಬಂದು, "ಬರ್ತಾರಂತೆ. ಮಗಳು ಕರ್ಕೊಂಡು ಬರ್ತಾರಂತೆ" ಅಂದಳು.

೧೨ ಮಾರ್ಚ್, ಸೋಮವಾರ

ಐದು ವಾರ ದಾರಿಯ ನಕ್ಷೆ ಬರೆದವಳು ನಾನು. ಇವತ್ತು ಕ್ಯಾಂಟೀನಿನ ಹೊರಗೆ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತಿದ್ದೆ.

ಹತ್ತೂವರೆಗೆ ಜಲಜಾಳ ಕಾರು ಬಂತು. ಅತ್ತೆ ಹಸಿರು ಧರ್ಮಾವರಂ ಉಟ್ಟಿದ್ದರು. ಬೆಳಗ್ಗೆ ನನ್ನನ್ನು ಕೇಳದೆ ತಾವೇ ತೆಗೆದುಕೊಂಡದ್ದು. ಜಲಜಾ ಅಟ್ಟದ ಮೇಲಿದ್ದ ತನ್ನ ಒರಳನ್ನು ಎರಡು ಕೈಯಲ್ಲೂ ಅಪ್ಪಿ ಹಿಡಿದಿದ್ದಳು. ಗೇಟಿನವನು ಒಳಗೆ ತರುವ ಸಾಮಾನು ಅಂತ ಈ ಸಲ ಬರೆಸಿಕೊಂಡ, ಎಲ್ಲ ನನ್ನ ಉಪಕಾರ. ಇಬ್ಬರೂ ನನ್ನ ಮುಂದೆಯೇ ಹೋದರು. ಜಲಜಾ ಒಂದು ಸಲ ನೋಡಿದಳು, ನಗಲಿಲ್ಲ.

ಹನ್ನೆರಡರಲ್ಲಿ ಒಂಬತ್ತು ಜನ ಪತ್ರಕರ್ತರು ಬಂದರು. ಮುಂಬಾಗಿಲಿನಿಂದ ಬಂದು ಹಿಂಬಾಗಿಲಿಗೆ ಹೋಗುವಷ್ಟರಲ್ಲಿ ಇಬ್ಬರು ದಾರಿ ತಪ್ಪಿ ನನ್ನ ಹತ್ತಿರ ಬಂದು ಕೇಳಿದರು. ತೋರಿಸಿದೆ. ಮಿಕ್ಕದ್ದು ನಾನು ನೋಡಿದ್ದಲ್ಲ, ಹರಿಣಿ ಓಡಿ ಬಂದು ಹೇಳಿದ್ದು. ಫಿರಂಗಿಯ ಕಥೆಯನ್ನು ಚಂದ್ರಮೋಹನ ಜೀ ಸಾಹೇಬರು ಬೇಡ ಬೇಡ ಅಂದರೂ ಹೇಳಿಬಿಟ್ಟರಂತೆ, ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ಜಲಜಾ ಹಿಡಿ ತಿರುಗಿಸಿದಳಂತೆ, ಅತ್ತೆ ಕೆಳಗೆ ಬಾಳೆಲೆ ಹಿಡಿದು ಎಳೆಗಳನ್ನು ಸುತ್ತಿಸಿಕೊಂಡರಂತೆ. ಒಬ್ಬ ಪತ್ರಕರ್ತೆ, ಇದು ಎಷ್ಟು ಹಳೇ ಒರಳು ಅಂತ ಕೇಳಿದಳಂತೆ. ಅತ್ತೆ, "ಇದು ನನ್ನ ಮಗಳು ತನ್ನ ದುಡ್ಡಿನಲ್ಲಿ ತಗೊಂಡದ್ದು. ಬರ್ಕೋ" ಅಂದರಂತೆ. ಎರಡು ಸಲ ಹೇಳಿ, ಹರಿಣಿಯ ಹತ್ತಿರ ಹಿಂದಿಯಲ್ಲೂ ಹೇಳಿಸಿದರಂತೆ.

ನಾನು ಅಲ್ಲಿರಬೇಕಿತ್ತು ಅನ್ನಿಸಿತು. ಇರದಿದ್ದದ್ದೇ ಸರಿ ಅಂತಲೂ ಅನ್ನಿಸಿತು. ಯಾವುದು ಹೆಚ್ಚು ಅಂತ ಹೇಳಲಾರೆ.

ಒಂದು ಗಂಟೆಗೆ ಹೊರಗೆ ಬಂದರು. ಅತ್ತೆ ಕಾರು ಹತ್ತಿ ಹಿಂದಿನ ಸೀಟಿನಲ್ಲಿ ಕೂತರು. ಅಲ್ಲಿ ಅವರ ಬಟ್ಟೆಯ ಚೀಲ ಇಟ್ಟಿತ್ತು. ಆಗ ತಿಳಿಯಿತು.

ಜಲಜಾ ಬೆಂಚಿನ ಹತ್ತಿರ ಬಂದಳು. "ಅಮ್ಮ ನನ್ನ ಜೊತೆ ಬರ್ತಾಳಂತೆ. ಅವಳ ಮಾತ್ರೆ ಯಾವ ಯಾವುದು, ಯಾವ ಹೊತ್ತಿಗೆ?"

ಪತ್ರಕರ್ತರಿಗೆ ಹಂಚಿ ಮಿಕ್ಕ ಹಾಳೆಯ ಹಿಂದೆ ಬರೆದೆ. ಬೆಳಗ್ಗೆ ಬಿಪಿಯದು, ಮಧ್ಯಾಹ್ನ ಸುಣ್ಣದಂಶದ್ದು, ರಾತ್ರಿ ಮೊಣಕಾಲಿಗೆ ಎಣ್ಣೆ, ಕಾಯಿಸಿ. ಹಾಲಿಗೆ ಸಕ್ಕರೆ ಬೇಡ ಅಂತಾರೆ, ಹಾಕದಿದ್ದರೆ ಕುಡಿಯುವುದಿಲ್ಲ. ಜಲಜಾ ಓದಿ, "ಊಟಕ್ಕೆ ಮುಂಚೆನಾ, ಆಮೇಲಾ?" ಅಂತ ಕೇಳಿದಳು. ಅದನ್ನೂ ಸೇರಿಸಿದೆ. ಮಡಚಿ ಪರ್ಸಿನಲ್ಲಿಟ್ಟುಕೊಂಡಳು.

ಎಷ್ಟು ದಿನಕ್ಕೆ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಕಾರಿನ ತನಕ ಹೋಗಿ ನಿಂತೆ. ಅತ್ತೆ ಎದುರಿಗೇ ನೋಡುತ್ತಿದ್ದರು. ಕ್ಷಮಿಸಿ ಅನ್ನಬೇಕು ಅಂದುಕೊಂಡೆ, ಆ ಗಾಜಿನಾಚೆ, ಆ ಕಿವಿಗೆ, ಎಷ್ಟು ಗಟ್ಟಿಯಾಗಿ ಹೇಳುವುದು? ಜಲಜಾ ಗಾಡಿ ಸ್ಟಾರ್ಟ್ ಮಾಡಿದಳು. ಆಗ ಅತ್ತೆ ಕಿಟಕಿಯ ಗಾಜನ್ನು ಅರ್ಧ ಇಳಿಸಿದರು.

"ಒಬ್ಬಳೇ ಇರ್ತೀಯ. ಹಿಂದಿನ ಬಾಗಿಲ ಚಿಲಕ ಮರೀಬೇಡ" ಅಂದರು.

ಎಂಟು ದಿನದ ಮೇಲೆ ಆಡಿದ ಮಾತು. ಕಾರು ಗೇಟು ದಾಟಿ ಹೋಯಿತು. ನಾನು ಅಲ್ಲೇ, ಗೇಟಿನವನ ಎದುರಿಗೇ, ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ. ಅವನು ಏನೂ ಕೇಳದೆ ತನ್ನ ಸ್ಟೂಲು ತಂದು ಹಾಕಿದ.